ಕಣಿವೆಯ ಮನೆಗೆ ಸಿಗ್ನಲ್ ತರುವ ಮುನ್ನ: ಘಟ್ಟದ ಊರುಗಳಿಗೊಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಓದುಗರು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಬೆಟ್ಟದ ತುದಿಯಲ್ಲಿ ನಿಂತರೆ ಆಚೆ ಗುಡ್ಡದ ಟವರು ಕಣ್ಣಿಗೆ ಕಾಣುತ್ತದೆ, ತೋಟದ ಅಂಚಿನ ಮನೆಗೆ ಇಳಿದರೆ ಫೋನಿನಲ್ಲಿ ಒಂದು ಕಡ್ಡಿಯೂ ಉಳಿಯುವುದಿಲ್ಲ. ಇದಕ್ಕೆ ಯಾವ ಆಂಟೆನಾ ಕೊಂಡರೆ ಒಳ್ಳೆಯದು? ಕಾರವಾರ, ಅಂಕೋಲಾ, ಕುಮಟಾ ಕಡೆಯವರ ಪ್ರಶ್ನೆ ಸ್ವಲ್ಪ ಬೇರೆ: ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಜೂನ್ ತಿಂಗಳಲ್ಲಿ ಏಕೆ ಸೊರಗುತ್ತದೆ? ನನ್ನ ಉತ್ತರ ಇಬ್ಬರಿಗೂ ಒಂದೇ. ಆಂಟೆನಾವನ್ನು ಮೊದಲು ಕೊಂಡು ಆಮೇಲೆ ಜಾಗ ಹುಡುಕಬೇಡಿ. ಜಾಗವನ್ನು ಅಳೆದು ನೋಡಿ, ಆ ಜಾಗಕ್ಕೆ ಏನು ಬೇಕೋ ಅದನ್ನಷ್ಟೇ ಕೊಳ್ಳಿ. ಹತ್ತು ಹೆಜ್ಜೆ ಜಾಗ ಬದಲಿಸಿದರೆ ಸಿಗುವ ಲಾಭವನ್ನು ಎಷ್ಟೋ ಸಲ ಹತ್ತು ಸಾವಿರ ರೂಪಾಯಿಯ ಉಪಕರಣವೂ ಕೊಡಲಾರದು.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. 4ಜಿ ಬಳಸುವ ಒಂದು ಫೋನು, ಒಂದು ನೋಟುಪುಸ್ತಕ, ದಿಕ್ಸೂಚಿ (ಫೋನಿನಲ್ಲಿರುವುದೇ ಸಾಕು), ಗೂಗಲ್ ಅರ್ತ್ ತೆರೆಯಬಲ್ಲ ಒಂದು ಕಂಪ್ಯೂಟರು ಮತ್ತು ಒಂದು ರಜಾದಿನ.

ಮೊದಲು ತಿಳಿದಿರಬೇಕಾದದ್ದು

ರೇಡಿಯೋ ಅಲೆ ಮೂಲತಃ ನೇರವಾಗಿ ಸಾಗುತ್ತದೆ. ಅಡ್ಡಿ ಎದುರಾದಾಗ ಅದರ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಎದುರು ಗುಡ್ಡಕ್ಕೋ ನೀರಿಗೋ ಬಡಿದು ಪ್ರತಿಫಲಿಸುತ್ತದೆ, ಎಲೆ ಮತ್ತು ಮಣ್ಣಿನಲ್ಲಿ ಹೀರಿಹೋಗುತ್ತದೆ. ಎಷ್ಟು ಬಾಗುತ್ತದೆ ಎಂಬುದು ಅಲೆಯ ಉದ್ದಕ್ಕೆ ಬಿಟ್ಟದ್ದು. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ಕೇಂದ್ರದ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕ, 765 ಕಿಲೋಹರ್ಟ್ಸ್. ಅದರ ಅಲೆಯೊಂದರ ಉದ್ದ ಸುಮಾರು 390 ಮೀಟರ್. ಅಷ್ಟು ಉದ್ದದ ಅಲೆಗೆ ನಮ್ಮ ಗುಡ್ಡಗಳು ದೊಡ್ಡ ಅಡ್ಡಿಯಲ್ಲ, ನೆಲವನ್ನು ಹಿಡಿದು ಕಣಿವೆಯೊಳಕ್ಕೂ ಇಳಿಯುತ್ತದೆ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, 850 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಯದು 35 ಸೆಂಟಿಮೀಟರ್, 2300 ಮೆಗಾಹರ್ಟ್ಸ್‌ನದು ಬರೀ 13 ಸೆಂಟಿಮೀಟರ್. ಅಲೆ ಗಿಡ್ಡವಾದಷ್ಟೂ ಗುಡ್ಡದ ಹಿಂದಿನ ನೆರಳು ಗಾಢವಾಗುತ್ತದೆ. ಅಡಿಕೆ ತೋಟಕ್ಕೆ ನೀರು, ತಂಪು ಬೇಕು. ಆದ್ದರಿಂದ ತೋಟ ಕಣಿವೆಯ ತಳದಲ್ಲಿ, ತೋಟದ ಮಗ್ಗುಲಲ್ಲಿ ಮನೆ. ನಮ್ಮ ಹಿರಿಯರು ಮನೆ ಕಟ್ಟಿದ ಜಾಗವೇ ಗಿಡ್ಡ ಅಲೆಗಳಿಗೆ ಸರಿಯಾದ ನೆರಳಿನ ಜಾಗ.

ಇನ್ನೊಂದು ಪದದ ಪರಿಚಯ ಅಗತ್ಯ: ಡೆಸಿಬೆಲ್. ಶಕ್ತಿ ಎಷ್ಟು ಪಟ್ಟು ಹೆಚ್ಚಿತು ಅಥವಾ ಕುಗ್ಗಿತು ಎಂದು ಹೇಳುವ ಅಳತೆ ಇದು. 3 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಅರ್ಧವಾಯಿತು, 10 ಎಂದರೆ ಹತ್ತನೇ ಒಂದು ಪಾಲು ಉಳಿಯಿತು, 20 ಎಂದರೆ ನೂರರಲ್ಲಿ ಒಂದು. ಬಯಲಿನಲ್ಲಿ ಟವರಿನ ದೂರ ಎರಡು ಪಟ್ಟಾದರೆ ಆಗುವ ನಷ್ಟ 6 ಡೆಸಿಬೆಲ್ ಮಾತ್ರ. ಈಗ ಕಾಡಿನ ಲೆಕ್ಕ ನೋಡಿ. ಎಂಜಿನಿಯರುಗಳು ಬಳಸುವ ವೈಸ್‌ಬರ್ಗರ್ ಸೂತ್ರದ ಪ್ರಕಾರ, ಒಣಗಿದ ವಾತಾವರಣದಲ್ಲಿ 50 ಮೀಟರ್ ದಪ್ಪದ ಎಲೆ ತುಂಬಿದ ಮರಗಳನ್ನು ಹಾಯುವಾಗ 850 ಮೆಗಾಹರ್ಟ್ಸ್‌ನಲ್ಲಿ ಸುಮಾರು 13, 2300ರಲ್ಲಿ ಸುಮಾರು 17, ವೈ-ಫೈ ಕೊಂಡಿಗಳು ಬಳಸುವ 5800 ಮೆಗಾಹರ್ಟ್ಸ್‌ನಲ್ಲಿ ಸುಮಾರು 22 ಡೆಸಿಬೆಲ್ ನಷ್ಟವಾಗುತ್ತದೆ. ಅಂದರೆ 2300 ಮೆಗಾಹರ್ಟ್ಸ್ ಬಳಸುವವರಿಗೆ ಮನೆಯೆದುರಿನ 50 ಮೀಟರ್ ಮರಗಳ ಸಾಲು, ಒಂದು ಕಿಲೋಮೀಟರ್ ದೂರದ ಟವರನ್ನು ಏಳು ಕಿಲೋಮೀಟರ್ ಆಚೆಗೆ ಒಯ್ದು ನಿಲ್ಲಿಸಿದಂತೆ. ದೂರಕ್ಕಿಂತ ಅಡ್ಡಿಯೇ ಮುಖ್ಯ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಹಂತ 1: ಯಾವ ಟವರು, ಯಾವ ಬ್ಯಾಂಡ್ ಎಂದು ಗುರುತಿಸಿ

ಬ್ಯಾಂಡ್ ಎಂದರೆ ಕಂಪನಿಗೆ ಹಂಚಿಕೆಯಾದ ಆವರ್ತನದ ಪಟ್ಟಿ. ನಮ್ಮಲ್ಲಿ 4ಜಿ ಸೇವೆ ಕಾಣಿಸುವುದು ಮುಖ್ಯವಾಗಿ ಬ್ಯಾಂಡ್ 28 (700 ಮೆಗಾಹರ್ಟ್ಸ್), 5 (850), 8 (900), 3 (1800), 1 (2100) ಮತ್ತು 40 (2300) ಇವುಗಳಲ್ಲಿ. ಕಣಿವೆಯಲ್ಲಿರುವವರು ಆವರ್ತನ ಕಡಿಮೆಯಿರುವ, ಅಂದರೆ ಅಲೆ ಉದ್ದವಿರುವ 28, 5, 8ನ್ನು ಹುಡುಕಬೇಕು. ವೇಗ ತುಸು ಕಡಿಮೆಯಾದರೂ ಸಂಪರ್ಕ ನಿಲ್ಲುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ, ಐಫೋನಿನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಒಳಗಿನ ಅಳತೆಗಳ ಪುಟ ತೆರೆಯುತ್ತದೆ. ಬ್ಯಾಂಡ್ ಮತ್ತು ಸೆಲ್ ಸಂಖ್ಯೆಯನ್ನು (ಫೋನು ಹಿಡಿದಿರುವ ಟವರಿನ ಗುರುತಿನ ಸಂಖ್ಯೆ) ತೋರಿಸುವ ಉಚಿತ ಆ್ಯಪ್‌ಗಳೂ ಇವೆ. ಸುತ್ತಲಿನ ಟವರುಗಳು ಎಲ್ಲಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆಯಲ್ಲಿ ನೋಡಬಹುದು.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ, ಹತ್ತಿರದ ಟವರೇ ನಮ್ಮ ಟವರು ಎಂದುಕೊಳ್ಳುವುದು. ಗುಡ್ಡದ ನೆತ್ತಿಯಲ್ಲಿರುವ ಹತ್ತಿರದ ಟವರಿನ ಆಂಟೆನಾಗಳು ಆಚೆಯ ಪೇಟೆಯ ಕಡೆಗೆ ಮುಖ ಮಾಡಿರಬಹುದು. ಹತ್ತು ಕಿಲೋಮೀಟರ್ ದೂರದ, ಕಣಿವೆಯ ಬಾಯಿಗೆ ನೇರವಾಗಿರುವ ಇನ್ನೊಂದು ಟವರು ನಿಮಗೆ ಚೆನ್ನಾಗಿ ಸಿಗಬಹುದು.

ಹಂತ 2: ಜಮೀನು ನಡೆದು ಅಳೆಯಿರಿ

ಇಡೀ ಕೆಲಸದ ಜೀವಾಳ ಈ ಹಂತ. ಬೇರೆಲ್ಲವನ್ನೂ ಅವಸರದಲ್ಲಿ ಮಾಡಿದರೂ ಇದನ್ನು ನಿಧಾನವಾಗಿ ಮಾಡಿ.

ಫೋನಿನ ಮೇಲಂಚಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ನೋಡಬೇಕಾದ ಅಂಕಿಗಳು ಎರಡು. ಮೊದಲನೆಯದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನಿಂದ ಬಂದು ತಲುಪಿದ ಸಂಕೇತದ ಬಲ. ಇದು ಯಾವಾಗಲೂ ಮೈನಸ್ ಅಂಕಿಯಲ್ಲಿರುತ್ತದೆ: ಮೈನಸ್ 90ರ ಒಳಗಿದ್ದರೆ ಚೆನ್ನ, ಮೈನಸ್ 100 ಎಂದರೆ ಸಾಧಾರಣ, ಮೈನಸ್ 110 ದಾಟಿದರೆ ದುರ್ಬಲ, ಮೈನಸ್ 120ರ ಹತ್ತಿರ ಕರೆ ತುಂಡಾಗುತ್ತದೆ. ಎರಡನೆಯದು ಎಸ್‌ಐಎನ್‌ಆರ್, ಅಂದರೆ ಬೇರೆ ಟವರುಗಳ ಗದ್ದಲದ ಮೇಲೆ ನಮ್ಮ ಸಂಕೇತ ಎಷ್ಟು ಎದ್ದು ಕೇಳುತ್ತದೆ ಎಂಬುದು. ಇದು 13 ದಾಟಿದರೆ ಒಳ್ಳೆಯದು, ಸೊನ್ನೆಗಿಂತ ಕೆಳಗೆ ಹೋದರೆ ಬಲ ಎಷ್ಟಿದ್ದರೂ ವೇಗ ಸಿಗದು. ಬೆಟ್ಟದ ನೆತ್ತಿಯಲ್ಲಿ ಕಡ್ಡಿ ತುಂಬಿದ್ದರೂ ಇಂಟರ್ನೆಟ್ ತೆವಳುವುದಕ್ಕೆ ಹಲವು ಸಲ ಇದೇ ಕಾರಣ: ಅಲ್ಲಿ ನಾಲ್ಕು ದಿಕ್ಕಿನ ಟವರುಗಳೂ ಒಟ್ಟಿಗೆ ಕೇಳುತ್ತವೆ.

ಫೋನನ್ನು 4ಜಿಗೆ ಮಾತ್ರ ಹೊಂದಿಸಿ, ಅಂಗಳದಿಂದ ಹೊರಡಿ. ಜಗಲಿ, ಮೆತ್ತಿ, ಕೊಟ್ಟಿಗೆಯ ಹಿಂಬದಿ, ದರೆಯ ಮೇಲ್ಭಾಗ, ತೋಟದ ಸಂಕ, ಬೇಣದ (ಹುಲ್ಲುಗಾವಲಿನ) ಅಂಚು, ಹೀಗೆ ಕನಿಷ್ಠ ಹದಿನೈದು ಕಡೆ ನಿಂತು ಅಳೆಯಿರಿ. ಒಂದೊಂದು ಕಡೆಯೂ ಒಂದು ನಿಮಿಷ ನಿಂತು, ಅಂಕಿ ಸ್ಥಿರವಾದ ಮೇಲೆ ನಾಲ್ಕೂ ದಿಕ್ಕಿಗೆ ತಿರುಗಿ ಬರೆದುಕೊಳ್ಳಿ. ನಮ್ಮ ದೇಹವೇ ಸಿಗ್ನಲ್ಲಿಗೆ ಅಡ್ಡವಾಗುತ್ತದೆ. ನಾಲ್ಕಾರು ದಾರಿಯಲ್ಲಿ ಬಂದ ಅಲೆಗಳು ಒಂದಕ್ಕೊಂದು ಕೂಡಿ ಕಳೆಯುವುದರಿಂದ ಫೋನನ್ನು ಒಂದು ಗೇಣು ಆಚೀಚೆ ಸರಿಸಿದರೂ ಅಂಕಿ ಬದಲಾಗುತ್ತದೆ. ಆದ್ದರಿಂದ ಒಂದೇ ಅಂಕಿಗೆ ಮರುಳಾಗದೆ ಐದಾರು ಅಂಕಿಗಳ ಸರಾಸರಿ ಹಿಡಿಯಿರಿ. ನಮ್ಮ ಮನೆಯ ಅಂಗಳದಲ್ಲಿ ನನಗೆ ಸಿಕ್ಕಿದ್ದು ಮೈನಸ್ 117. ದರೆ ಹತ್ತಿದರೆ ಹೆಚ್ಚೀತೆಂದು ಹತ್ತಿದೆ, ಮೈನಸ್ 114. ಬೇಸತ್ತು ತಿರುಗಿ ಬರುತ್ತ ಗದ್ದೆಯ ಅಂಚಿನ ಬಚ್ಚಲ ಕೊಟ್ಟಿಗೆಯ ಪಕ್ಕ ನಿಂತಾಗ ಮೈನಸ್ 102 ತೋರಿಸಿತು. ಅದು ಅಂಗಳಕ್ಕಿಂತ ತಗ್ಗಿನ ಜಾಗ.

ಇದರಲ್ಲಿ ಆಶ್ಚರ್ಯವಿಲ್ಲ. ಗುಡ್ಡದ ಅಂಚಿನಲ್ಲಿ ಬಾಗಿದ ಅಲೆ ಗುಡ್ಡದ ಬುಡಕ್ಕೆ ಬೀಳುವುದಿಲ್ಲ, ಸ್ವಲ್ಪ ಆಚೆಗೆ ಬೀಳುತ್ತದೆ. ಟವರಿನ ಕಡೆಯ ಗುಡ್ಡಕ್ಕೆ ಒತ್ತಿಕೊಂಡ ಮನೆಯ ಮೇಲೆ ನೆರಳು ಅತಿ ಗಾಢವಾಗಿರುತ್ತದೆ. ಅಲ್ಲಿಂದ ನೂರಿನ್ನೂರು ಮೀಟರ್ ಹಿಂದೆ ಸರಿದರೆ, ಜಾಗ ತಗ್ಗಾದರೂ, ಸಿಗ್ನಲ್ ಏರಬಹುದು. ಆದ್ದರಿಂದ ಎತ್ತರವನ್ನಷ್ಟೇ ಹುಡುಕಬೇಡಿ, ಅಡ್ಡಗುಡ್ಡದಿಂದ ದೂರವನ್ನೂ ಹುಡುಕಿ.

ಎತ್ತರದಲ್ಲಿ ಏನು ಸಿಗುತ್ತದೆಂದು ನೋಡಲು ಕೆಲವರು ಅಡಿಕೆ ಕೊನೆ ಕೊಯ್ಯುವ ದೋಟಿಯ ತುದಿಗೆ ಫೋನು ಕಟ್ಟಿ ಎತ್ತುತ್ತಾರೆ. ಅಂಕಿಗಳನ್ನು ತಾನೇ ದಾಖಲಿಸಿಕೊಳ್ಳುವ ಆ್ಯಪ್ ಇದ್ದರೆ ಇದು ಒಳ್ಳೆಯ ಉಪಾಯವೇ. ಆದರೆ ಈಗಿನ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಅಲ್ಯೂಮಿನಿಯಂ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ಜಾಗದ ಹತ್ತಿರ ಇದನ್ನು ಖಂಡಿತ ಮಾಡಬೇಡಿ.

ತೋಟದೊಳಗೆ ಅಳೆಯುವಾಗ ಒಂದು ವಿಷಯ ಗಮನಿಸಿ. ಅಡಿಕೆ ಮರಗಳ ಕಾಂಡದ ನಡುವೆ ತೆರವಿರುತ್ತದೆ, ಎಲೆಗಳೆಲ್ಲ ಇರುವುದು ತಲೆಯಲ್ಲಿ. ಕಂಬವನ್ನು ಏರಿಸುತ್ತ ಹೋದಂತೆ ಆಂಟೆನಾ ಸರಿಯಾಗಿ ಹೆಡೆಗಳ ಮಟ್ಟಕ್ಕೆ ಬಂದಾಗ ಸಿಗ್ನಲ್ ಕೆಳಗಿದ್ದದ್ದಕ್ಕಿಂತ ಕಡಿಮೆಯಾದರೂ ಆಗಬಹುದು. ಒಂದೋ ಹೆಡೆಗಳನ್ನು ದಾಟಿ ಮೇಲೆ ಹೋಗಬೇಕು, ಇಲ್ಲವೇ ತೋಟವನ್ನು ಬಿಟ್ಟು ಹೊರಬರಬೇಕು.

ಹಂತ 3: ದಾರಿಯ ಚಿತ್ರ ಬರೆದು ನೋಡಿ

ಗೂಗಲ್ ಅರ್ತ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಟವರಿನಿಂದ ನೀವು ಆರಿಸಿದ ಜಾಗಕ್ಕೆ ಗೆರೆ ಎಳೆದು ಎತ್ತರದ ಚಿತ್ರವನ್ನು ತೆರೆಯಿರಿ. ನೆಲದ ಏರಿಳಿತ ಬೆಟ್ಟದ ಅಡ್ಡಸೀಳಿನಂತೆ ಕಾಣುತ್ತದೆ. ಈ ಚಿತ್ರದಲ್ಲಿ ಮರಗಳ ಎತ್ತರ ಸರಿಯಾಗಿ ಸೇರಿರುವುದಿಲ್ಲ ಎಂಬುದು ನೆನಪಿರಲಿ. ದಟ್ಟ ಕಾಡಿರುವ ಕಡೆ 20ರಿಂದ 25 ಮೀಟರ್ ಕೂಡಿಸಿಕೊಳ್ಳಿ.

ಕಣ್ಣಿಗೆ ಟವರು ಕಂಡ ಮಾತ್ರಕ್ಕೆ ದಾರಿ ತೆರೆದಿದೆ ಎಂದಲ್ಲ. ಎರಡು ಆಂಟೆನಾಗಳ ನಡುವೆ ಅಲೆ ಸಾಗುವುದು ದಾರದಂತಹ ಗೆರೆಯಲ್ಲಿ ಅಲ್ಲ; ಎರಡು ತುದಿ ಸಪೂರ, ನಡು ದಪ್ಪವಾದ ಸೌತೆಕಾಯಿಯ ಆಕಾರದ ಜಾಗವೊಂದು ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಟವರು 4 ಕಿಲೋಮೀಟರ್ ದೂರವಿದ್ದರೆ ಈ ವಲಯದ ನಟ್ಟನಡುವಿನ ತ್ರಿಜ್ಯ 850 ಮೆಗಾಹರ್ಟ್ಸ್‌ಗೆ ಸುಮಾರು 19 ಮೀಟರ್, 2300ಕ್ಕೆ ಸುಮಾರು 11 ಮೀಟರ್. ಇದರ ಶೇಕಡಾ 60ರಷ್ಟಾದರೂ ತೆರವಿದ್ದರೆ ಬಯಲಿನಲ್ಲಿ ಸಿಗುವಷ್ಟೇ ಸಿಗ್ನಲ್ ಸಿಗುತ್ತದೆ. ಗುಡ್ಡದ ನೆತ್ತಿ ನೋಟದ ಗೆರೆಯನ್ನು ಮುಟ್ಟಿದರೆ ಸಾಕು, 6 ಡೆಸಿಬೆಲ್ ಹೋಯಿತು. ಅದೇ ದಾರಿಯ ನಡುವೆ ಗುಡ್ಡ ಗೆರೆಗಿಂತ 40 ಮೀಟರ್ ಮೇಲೆದ್ದಿದ್ದರೆ, ಚೂಪಾದ ಅಂಚೆಂದು ಲೆಕ್ಕ ಹಾಕಿದರೂ 850 ಮೆಗಾಹರ್ಟ್ಸ್‌ನಲ್ಲಿ ಸುಮಾರು 22, 2300ರಲ್ಲಿ ಸುಮಾರು 27 ಡೆಸಿಬೆಲ್ ನಷ್ಟ. ನಮ್ಮ ಗುಡ್ಡಗಳು ಚೂಪಲ್ಲ, ದುಂಡಗೆ ಬೆಳೆದ ಕಾಡಿನ ಗುಡ್ಡಗಳು; ನಿಜವಾದ ನಷ್ಟ ಇನ್ನೂ ಹೆಚ್ಚು.

ಕರಾವಳಿಯವರಿಗೆ ಒಂದು ಮಾತು. ಕಾರವಾರದಿಂದ ಭಟ್ಕಳದವರೆಗೆ ಗುಡ್ಡಗಳು ಅಲ್ಲಲ್ಲಿ ಸಮುದ್ರಕ್ಕೇ ಚಾಚಿಕೊಂಡಿರುವುದರಿಂದ ಪಕ್ಕದ ಕೊಲ್ಲಿಯ ಟವರು ನಿಮಗೆ ಸಿಗದಿರಬಹುದು. ಅಳಿವೆಯ ಅಥವಾ ಸಮುದ್ರದ ಮೇಲೆ ಹಾದುಬರುವ ದಾರಿಗೆ ಗುಡ್ಡದ ಅಡ್ಡಿ ಇಲ್ಲವಾದರೂ ನೀರಿಗೆ ಬಡಿದು ಬರುವ ಅಲೆ ನೇರ ಅಲೆಯೊಡನೆ ಸೇರಿ, ಭರತ ಇಳಿತಕ್ಕೆ ತಕ್ಕಂತೆ ಸಿಗ್ನಲ್ ಏರಿಳಿಯುತ್ತದೆ. ಆಂಟೆನಾವನ್ನು ದಡದ ಅಂಚಿಗೆ ಒಯ್ಯದೆ ತುಸು ಹಿಂದೆ, ನಿಮ್ಮದೇ ಮನೆಯ ಮಾಡಿನ ಅಂಚು ನೀರನ್ನು ಮರೆಮಾಡುವಂತೆ ಆದರೆ ಟವರನ್ನು ಮರೆಮಾಡದಂತೆ ನಿಲ್ಲಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಹಂತ 4: ಆಂಟೆನಾ, ಕಂಬ, ಕೇಬಲ್

ಆರಿಸಿದ ಜಾಗದಲ್ಲಿ ಫೋನಿಗೇ ಮೈನಸ್ 105ರ ಒಳಗೆ ಸಿಗುತ್ತಿದ್ದರೆ, ಸಿಮ್ ಹಾಕುವ 4ಜಿ ರೂಟರನ್ನು ಅಲ್ಲಿ ಇಟ್ಟು ಮನೆಗೆ ವೈ-ಫೈ ತಂದರೆ ಸಾಕು, ಹೊರಗಿನ ಆಂಟೆನಾ ಬೇಡ. ಕರೆಗೆ ಫೋನಿನ ವೈ-ಫೈ ಕರೆ ಸೌಲಭ್ಯವನ್ನು ತೆರೆದಿಡಿ. ಅದಕ್ಕಿಂತ ದುರ್ಬಲವಾಗಿದ್ದರೆ ಮಾತ್ರ ದಿಕ್ಕು ಹಿಡಿಯುವ ಆಂಟೆನಾ ಕೊಳ್ಳಿ. 4ಜಿ ಎರಡು ಸಂಕೇತಗಳನ್ನು ಒಟ್ಟಿಗೆ ಬಳಸುವುದರಿಂದ ಎರಡು ಕೇಬಲ್‌ಗಳಿರುವ ಆಂಟೆನಾ ಬೇಕು, ಮತ್ತು ಅದು ಹಂತ 1ರಲ್ಲಿ ಗುರುತಿಸಿದ ಬ್ಯಾಂಡಿಗೆ ಹೊಂದಬೇಕು. 850 ಮೆಗಾಹರ್ಟ್ಸ್‌ನ ಟವರಿಗೆ 1700ರಿಂದ 2700ರ ಆಂಟೆನಾ ಕೊಂಡು ಕೈಸುಟ್ಟುಕೊಂಡವರು ಬಹಳ ಮಂದಿ.

ಅತಿ ಹೆಚ್ಚು ಹಣ ಹಾಳಾಗುವುದು ಕೇಬಲ್ಲಿನಲ್ಲಿ. ಅಂಗಡಿಯಲ್ಲಿ ಸಿಗುವ ಸಪೂರ ಆರ್‌ಜಿ-58 ಕೇಬಲ್ 2300 ಮೆಗಾಹರ್ಟ್ಸ್ ಸುತ್ತಮುತ್ತ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಕಂಬದ ತುದಿಯಿಂದ ಒಳಗಿನ ಕೋಣೆಗೆ 10 ಮೀಟರ್ ಎಳೆದರೆ ಆಂಟೆನಾ ಗಳಿಸಿದ್ದೆಲ್ಲ ಕೇಬಲ್ಲಿಗೇ ಸಂದಾಯ. ದಪ್ಪನೆಯ ಎಲ್‌ಎಂಆರ್-400 ಮಾದರಿಯಲ್ಲಿ ನಷ್ಟ ಇದರ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ, ಆದರೆ ದುಬಾರಿ. ನನ್ನ ಸಲಹೆ ಬೇರೆ: ಮಳೆಗೆ ತಡೆಯುವ ಡಬ್ಬಿಯಲ್ಲಿರುವ ಹೊರಾಂಗಣ ರೂಟರನ್ನೇ ಕಂಬದ ಮೇಲೆ ಇಟ್ಟು, ಕೆಳಗೆ ಈಥರ್ನೆಟ್ ಕೇಬಲ್ ಇಳಿಸಿ. ಅದು 100 ಮೀಟರ್‌ವರೆಗೆ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡುತ್ತದೆ, ವಿದ್ಯುತ್ತನ್ನೂ ಅದೇ ಹೊತ್ತೊಯ್ಯುತ್ತದೆ.

ಕಂಬಕ್ಕೆ ಒಂದೂವರೆ ಇಂಚಿನ ಜಿಐ ಪೈಪು, ಮೂರು ದಿಕ್ಕಿಗೆ ಬಿಗಿದ ತಂತಿ. ಆಂಟೆನಾವನ್ನು ಅಡಿಕೆ ಮರಕ್ಕೋ ತೆಂಗಿಗೋ ಕಟ್ಟಬೇಡಿ. ಗಾಳಿಗೆ ಮರ ತೂಗಿದಂತೆ ದಿಕ್ಕು ತಪ್ಪುತ್ತದೆ. ತಗಡಿನ ಮಾಡಿನ ಕೆಳಗೆ ಇಟ್ಟರೆ ಸಿಗ್ನಲ್ ಒಳಗೆ ಬರುವುದೇ ಕಷ್ಟ, ಹೆಂಚಿನ ಮಾಡು ಅಷ್ಟು ತಡೆಯುವುದಿಲ್ಲ. ಅಡ್ಡ ಬಂದ ಮರವನ್ನು ಕಡಿಯುವ ಯೋಚನೆ ಬಂದರೆ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯದ) ಮರಗಳ ಮೇಲೆ ನಮಗಿರುವ ಸವಲತ್ತು ಕಡಿಯುವ ಹಕ್ಕಲ್ಲ ಎಂಬುದೂ, ಸ್ವಂತ ಜಮೀನಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ ಎಂಬುದೂ ನೆನಪಿರಲಿ. ಕಂಬವನ್ನು ಹತ್ತು ಮೀಟರ್ ಸರಿಸುವುದು ಮರ ಕಡಿಯುವುದಕ್ಕಿಂತ ಸುಲಭ.

"ಬೂಸ್ಟರ್" ಅಥವಾ ರಿಪೀಟರ್ ಎಂದು ಆನ್‌ಲೈನಿನಲ್ಲಿ ಮಾರುವ ಪೆಟ್ಟಿಗೆಗಳ ತಂಟೆಗೆ ಹೋಗಬೇಡಿ. ಪರವಾನಗಿಯಿಲ್ಲದೆ ಅವನ್ನು ಅಳವಡಿಸುವುದು ಕಾನೂನುಬಾಹಿರ. ಅವು ಸಂಕೇತದೊಡನೆ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಡೆಗೆ ಕಳಿಸುವುದರಿಂದ ನಿಮ್ಮ ಮನೆಗೆ ಕರೆ ಸಿಕ್ಕಿದರೂ ಇಡೀ ಕೇರಿಯ ಕರೆ ಕೆಡುತ್ತದೆ.

ಹಂತ 5: ದಿಕ್ಕು ಹೊಂದಿಸಿ

ರೂಟರಿನ ಪುಟದಲ್ಲಿ ಎಸ್‌ಐಎನ್‌ಆರ್ ನೋಡುತ್ತ, ಹತ್ತು ಡಿಗ್ರಿಯಂತೆ ಆಂಟೆನಾವನ್ನು ಒಂದು ಸುತ್ತು ತಿರುಗಿಸಿ. ಪ್ರತಿ ಸಲ ಅರ್ಧ ನಿಮಿಷ ಕಾಯಿರಿ. ನಕ್ಷೆಯಲ್ಲಿ ಟವರಿರುವ ದಿಕ್ಕಿನಲ್ಲೇ ಉತ್ತಮ ಅಂಕಿ ಸಿಗಬೇಕೆಂದಿಲ್ಲ. ಕಣಿವೆಯ ಆಚೆಬದಿಯ ಬೋಳು ಬಂಡೆಗೆ ಬಡಿದು ಬರುವ ಅಲೆಯೇ ಬಲವಾಗಿರಬಹುದು.

ಹಂತ 6: ನಿಮ್ಮ ಜಮೀನಿನಲ್ಲಿ ಎಲ್ಲಿಯೂ ಸಿಗದಿದ್ದರೆ

ಆಗ ಉಳಿಯುವ ದಾರಿ, ಸಿಗ್ನಲ್ ಅಥವಾ ಫೈಬರ್ ಇರುವ ಮೇಲಿನ ಮನೆಯಿಂದ ನಿಮ್ಮ ಮನೆಗೆ ವೈ-ಫೈ ಸೇತುವೆ. ಎರಡು ಕಡೆ ಎರಡು ಸಣ್ಣ ಡಿಶ್‌ಗಳು 5 ಗಿಗಾಹರ್ಟ್ಸ್‌ನಲ್ಲಿ ಪರಸ್ಪರ ಮಾತಾಡುತ್ತವೆ. 2018ರ ಅಕ್ಟೋಬರಿನಿಂದ ಈ ಪಟ್ಟಿಯ ಹೆಚ್ಚಿನ ಭಾಗವನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಆದರೆ ಈ ಆವರ್ತನಕ್ಕೆ ಒಂದು ಮರವೂ ಅಡ್ಡ ಬರಕೂಡದು. 2 ಕಿಲೋಮೀಟರ್ ಕೊಂಡಿಗೆ ನಡುವಿನ ಫ್ರೆನೆಲ್ ತ್ರಿಜ್ಯ ಸುಮಾರು 5 ಮೀಟರ್. ಮರದ ತಲೆಗಳಿಗಿಂತ ಕನಿಷ್ಠ 3 ಮೀಟರ್ ಮೇಲೆ ಗೆರೆ ಹಾಯಬೇಕು, ಮತ್ತು ಮರ ಬೆಳೆಯುತ್ತದೆ ಎಂಬ ಲೆಕ್ಕವೂ ಇರಬೇಕು. ಎರಡು ಮನೆಗಳು ಒಂದಕ್ಕೊಂದು ಕಾಣದಿದ್ದರೆ ಎರಡಕ್ಕೂ ಕಾಣುವ ಬೇಣದ ಮೇಲೆ ಸೌರಫಲಕ, ಬ್ಯಾಟರಿಯೊಂದಿಗೆ ಮಧ್ಯದ ನಿಲ್ದಾಣ ಬೇಕಾಗುತ್ತದೆ. ಸಂಪರ್ಕವನ್ನು ಹಣಕ್ಕೆ ಮಾರುವುದಾದರೆ ಅದಕ್ಕೆ ಬೇರೆ ಪರವಾನಗಿ ಬೇಕು.

ಹಂತ 7: ಮಳೆಗಾಲಕ್ಕೆ ಸಿದ್ಧತೆ

ಮಳೆ ಹನಿಗಳೇ ಸಿಗ್ನಲ್ ತಿನ್ನುತ್ತವೆ ಎಂಬ ನಂಬಿಕೆ ತಪ್ಪು. ಮೊಬೈಲ್ ಆವರ್ತನಗಳಲ್ಲಿ ಎಂತಹ ಜಡಿಮಳೆಯೂ ಕಿಲೋಮೀಟರಿಗೆ ಒಂದು ಡೆಸಿಬೆಲ್ಲಿಗಿಂತ ಕಡಿಮೆ ಕಳೆಯುತ್ತದೆ. ಜೂನ್ ತಿಂಗಳಲ್ಲಿ ಸೊರಗುವುದಕ್ಕೆ ನಿಜವಾದ ಕಾರಣಗಳು ಬೇರೆ: ತೊಯ್ದ, ಹೊಸದಾಗಿ ಚಿಗುರಿದ ಎಲೆಗಳು, ಕರೆಂಟು ಹೋಗಿ ಬ್ಯಾಟರಿ ಬರಿದಾದ ಟವರು, ಮತ್ತು ನಿಮ್ಮದೇ ಕೇಬಲ್ಲಿನ ಜೋಡಣೆಯೊಳಗೆ ಇಳಿದ ನೀರು. ಮೂರನೆಯದೊಂದು ಮಾತ್ರ ನಿಮ್ಮ ಕೈಯಲ್ಲಿದೆ. ನಾನು ಬಿಚ್ಚಿ ನೋಡಿದ ಒಂದು ಜೋಡಣೆಯಲ್ಲಿ ತಾಮ್ರದ ಎಳೆ ಹಸಿರುಗಟ್ಟಿತ್ತು, ಒಳಗಿನ ಬಲೆಯನ್ನು ಹಿಂಡಿದರೆ ನೀರು ತೊಟ್ಟಿಕ್ಕಿತು. ಪ್ರತಿ ಜೋಡಣೆಗೂ ತಾನಾಗಿ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ಮುನ್ನ ಅದನ್ನು ಕೆಳಕ್ಕೆ ಬಾಗಿಸಿ ಬಿಡಿ, ನೀರು ಅಲ್ಲೇ ಇಳಿದುಹೋಗಲಿ. ಕರಾವಳಿಯವರು ಬೋಲ್ಟುಗಳಿಗೆ ಸ್ಟೇನ್‌ಲೆಸ್ ಸ್ಟೀಲನ್ನೇ ಬಳಸಿ.

ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆಗಿಂತ ದೊಡ್ಡ ಅಪಾಯ. ಕಂಬಕ್ಕೆ ದಪ್ಪ ತಾಮ್ರದ ತಂತಿಯಿಂದ ಭೂಸಂಪರ್ಕ ಕೊಡಿ, ಅದನ್ನು ಮನೆಯ ಭೂಸಂಪರ್ಕದೊಡನೆ ಜೋಡಿಸಿ, ಕೇಬಲ್ಲಿಗೆ ಸರ್ಜ್ ಅರೆಸ್ಟರ್, ಅಂದರೆ ಹಠಾತ್ ವಿದ್ಯುತ್ತನ್ನು ನೆಲಕ್ಕೆ ತಿರುಗಿಸುವ ಸಾಧನವನ್ನು ಹಾಕಿಸಿ. ಇದನ್ನು ಅರಿತ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಇಷ್ಟಾದರೂ ನೇರ ಸಿಡಿಲಿಗೆ ಯಾವ ಸಾಧನವೂ ತಡೆಯದು. ಗುಡುಗು ಕೇಳುವ ಮೊದಲೇ ತಂತಿಗಳನ್ನು ಕಿತ್ತಿಡುವುದು ಒಳ್ಳೆಯದು, ಗುಡುಗಿನ ನಡುವೆ ಅವನ್ನು ಮುಟ್ಟಲೇಬಾರದು.

ಕೊನೆಯದಾಗಿ ನೋಟುಪುಸ್ತಕದ ವಿಷಯ. ಅದೇ ಹದಿನೈದು ಜಾಗಗಳನ್ನು ಮೇ ತಿಂಗಳಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಅಳೆದಿಡಿ. ಕಂಪನಿಗೆ ದೂರು ಕೊಡುವಾಗ "ನೆಟ್‌ವರ್ಕ್ ಇಲ್ಲ" ಎಂದಷ್ಟೇ ಬರೆದರೆ "ನಿಮ್ಮ ಪ್ರದೇಶದಲ್ಲಿ ಸೇವೆ ಸರಿಯಾಗಿದೆ" ಎಂಬ ಉತ್ತರ ಬರುತ್ತದೆ. ನನಗೂ ಎರಡು ಸಲ ಬಂದಿದೆ. ಊರಿನ ಹೆಸರು, ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಹೊತ್ತು, ಬ್ಯಾಂಡ್, ಸೆಲ್ ಸಂಖ್ಯೆ, ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಇಷ್ಟನ್ನೂ ಪಟ್ಟಿ ಮಾಡಿ, ಕೇರಿಯ ನಾಲ್ಕಾರು ಮನೆಯವರು ಸೇರಿ ಕೊಟ್ಟ ಮೂರನೆಯ ದೂರಿಗೆ ಎಂಜಿನಿಯರರೊಬ್ಬರು ಊರಿಗೇ ಬಂದು, ಬಚ್ಚಲ ಕೊಟ್ಟಿಗೆಯ ಪಕ್ಕ ನಿಂತು ತಮ್ಮ ಉಪಕರಣದಲ್ಲಿ ಅಳೆದುಕೊಂಡು ಹೋದರು.